ಕಾಳುಮೆಣಸಿನ ಸೀಮೆಯಲ್ಲಿ ರೈ ವಿಸ್ಕಿ

ಕುಮಟಾದ ಮೀನುಪೇಟೆಯಲ್ಲಿ ಬಂಗಡೆ ಕೊಳ್ಳಲು ಬಂದವರು ಮೊದಲು ಕಿವಿರು ಎತ್ತಿ ಬಣ್ಣ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಅನುಮಾನ ಬಂದರೆ ಮೂಗಿನ ಹತ್ತಿರ ಹಿಡಿಯುತ್ತಾರೆ. ಮೀನು ನಿನ್ನೆಯದೋ ಇಂದಿನದೋ, ಐಸಿನಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನು ಅಲ್ಲೇ ಹೇಳಿಬಿಡುತ್ತಾರೆ. ಹೊನ್ನಾವರದಿಂದ ಶರಾವತಿಯ ಗುಂಟ ಮೇಲೆ ಹೋದರೆ ಗೇರುಸೊಪ್ಪೆ ಕಡೆಯ ತೋಟಿಗರು ಕಾಳುಮೆಣಸನ್ನು ಎರಡು ಬೆರಳ ನಡುವೆ ಹಿಸುಕಿ, ಮೂಸಿ, ಬಿಸಿಲು ಸಾಕಾಗಿದೆಯೋ ಇನ್ನೂ ಎರಡು ದಿನ ಬೇಕೋ ಎಂದು ತೀರ್ಮಾನಿಸುತ್ತಾರೆ. ಭಟ್ಕಳದ ಪೇಟೆಯಲ್ಲಿ ಅತ್ತರು ಕೊಳ್ಳುವ ಹಿರಿಯರು ಮುಂಗೈ ಮೇಲೆ ಒಂದು ಗೀರು ಎಳೆಸಿಕೊಂಡು ಕೂಡಲೇ ಮೂಸುವುದಿಲ್ಲ. ಸ್ವಲ್ಪ ಕಾಯುತ್ತಾರೆ. ಊದಿನ ಮೊದಲ ವಾಸನೆ ಬೇರೆ, ಅರ್ಧ ಗಂಟೆಯ ಮೇಲೆ ಚರ್ಮದಲ್ಲಿ ಉಳಿಯುವ ವಾಸನೆ ಬೇರೆ ಎಂಬುದು ಅವರಿಗೆ ಗೊತ್ತು. ಅದೇ ಊರಿನಲ್ಲಿ ಭಟ್ಕಳ ಮಲ್ಲಿಗೆಯ ಮೊಗ್ಗು ಮುಟ್ಟಿಯೇ ಅದು ಯಾವ ಹೊತ್ತಿಗೆ ಬಿರಿಯುತ್ತದೆ ಎನ್ನಬಲ್ಲ ಹೆಂಗಸರಿದ್ದಾರೆ.

ಇಷ್ಟು ಪಳಗಿದ ಮೂಗಿರುವ ಈ ಮೂರು ತಾಲ್ಲೂಕುಗಳಲ್ಲಿ ಮೂಗನ್ನು ಕೇಳದೆ ಗಂಟಲಿಗಿಳಿಸುವ ವಸ್ತು ಒಂದಿದೆ. ಅದು ಮದ್ಯ. ಬಾರಿನ ಕತ್ತಲೆ ಮೂಲೆಯಲ್ಲಿ, ಎಷ್ಟೋ ಸಲ ನಿಂತಲ್ಲೇ, ನೀರು ಸುರಿದು, ಮುಖ ಕಿವುಚಿ, ಹಿಂದೆಯೇ ಉಪ್ಪಿನಕಾಯಿ ನೆಕ್ಕಿ ಮುಗಿಸಿಬಿಡುತ್ತಾರೆ. ಕುಡಿಯದವರಿಗೆ ಅದರ ಹೆಸರೇ ಬೇಡ. ಕುಡಿಯುವವರಿಗೂ ಅದರ ರುಚಿಯ ಬಗ್ಗೆ ಹೇಳಲು ಏನೂ ಇರುವುದಿಲ್ಲ. ತಿನ್ನುವ ಪ್ರತಿಯೊಂದರಲ್ಲೂ ಊರು, ತೋಟ, ಹಂಗಾಮು ಹುಡುಕುವ ಜನ ಇದೊಂದರ ಮುಂದೆ ಮಾತ್ರ ಯಾಕೆ ಮೂಗು ಮುಚ್ಚಿಕೊಂಡರು ಎಂಬ ಪ್ರಶ್ನೆ ನನ್ನಲ್ಲಿ ಗಟ್ಟಿಯಾಗಿ ಕೂತದ್ದು ಒಂದು ರೈ ವಿಸ್ಕಿಯ ಬಾಟಲಿಯಿಂದ.

ಜಗಲಿಯ ಮೇಲಿನ ಸಂಜೆ

ಬಾಟಲಿ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನದು. ಪೂರ್ತಿ ಮೊಳಕೆ ಕಟ್ಟಿಸಿದ ರೈ ಧಾನ್ಯದಿಂದಲೇ ಇಳಿಸಿದ ಸಿಂಗಲ್ ಮಾಲ್ಟ್, ಮದ್ಯಾಂಶ ಶೇ 46. ಇಂಥದ್ದೊಂದು ಹೊಸ ವಿಸ್ಕಿ ಹೊರಬಂದರೆ ಬೆಂಗಳೂರಿನಲ್ಲಿ ಅದನ್ನು ಸವಿಯಲೆಂದೇ ಸೇರುವ ಬಳಗಗಳಿವೆ. ಹೋಟೆಲಿನ ಹಾಲಿನಲ್ಲಿ ಮೇಜು ಹಾಕಿ, ಎಲ್ಲರ ಮುಂದೂ ಸಾಲಾಗಿ ಗ್ಲಾಸು ಇಟ್ಟು, ತಯಾರಕರನ್ನೇ ಕರೆಸಿ ಮಾತಾಡಿಸುತ್ತಾರೆ. ಕುಮಟಾದಲ್ಲಿ ಇದ್ದದ್ದು ಒಂದು ಮನೆಯ ಜಗಲಿ, ಆಷಾಢದ ಮಳೆ, ರಜೆಗೆ ಊರಿಗೆ ಬಂದ ಗೆಳೆಯ ಚೀಲದಲ್ಲಿ ಸುತ್ತಿ ತಂದ ಬಾಟಲಿ. ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಜೂನ್-ಜುಲೈ ತಿಂಗಳಾದ್ದರಿಂದ ಬೋಟಿನ ಮಾಲೀಕನೊಬ್ಬ ಬಿಡುವಾಗಿದ್ದ. ಮೆಣಸು, ಅಡಿಕೆ ಖರೀದಿ ಮಾಡುವ ಹಿರಿಯರೊಬ್ಬರು ಬಂದಿದ್ದರು. ನಿವೃತ್ತ ಮಾಸ್ತರರೊಬ್ಬರು, ಕುಡಿಯುವುದು ಅಪರೂಪವಾದರೂ, ಕುತೂಹಲಕ್ಕೆ ಕೂತಿದ್ದರು.

ಗ್ಲಾಸುಗಳು ತಳ ಉಬ್ಬಿ ಬಾಯಿ ಕಿರಿದಾದವು. ವಾಸನೆ ಹರಡಿ ಹೋಗದೆ ಮೇಲೆ ಬಂದು ಒಟ್ಟುಗೂಡಲಿ ಎಂದು ಆ ಆಕಾರ. ಒಬ್ಬೊಬ್ಬರಿಗೆ 30 ಮಿಲಿಲೀಟರ್. ಮೊದಲ ಸುತ್ತಿನಲ್ಲಿ ಬರೀ ಮೂಸಬೇಕು, ಕುಡಿಯುವಂತಿಲ್ಲ ಎಂದು ಗೆಳೆಯ ಹೇಳಿದಾಗ ಬೋಟಿನವನಿಗೆ ಅದು ಅಷ್ಟು ಸರಿಬರಲಿಲ್ಲ. ಗ್ಲಾಸಿನೊಳಗೆ ಮೂಗು ಇಳಿಸಿದರೆ ಸ್ಪಿರಿಟ್ಟಿನ ಉರಿಯೊಂದೇ ಬಡಿಯುತ್ತದೆ. ಬಾಯಿ ಸ್ವಲ್ಪ ತೆರೆದು, ಗ್ಲಾಸನ್ನು ಗದ್ದದ ಮಟ್ಟದಿಂದ ನಿಧಾನ ಮೇಲೆ ತಂದರೆ ಉರಿ ಹಿಂದೆ ಸರಿದು ಉಳಿದವು ಒಂದೊಂದಾಗಿ ಬರತೊಡಗುತ್ತವೆ.

ರೈ ಎಂದರೆ ಕಾಳುಮೆಣಸಿನ ಗುಣ ಎಂದು ಗೆಳೆಯ ಮೊದಲೇ ಹೇಳಿಬಿಟ್ಟಿದ್ದ. ವಿಸ್ಕಿ ಬಲ್ಲವರೆಲ್ಲ ಹೇಳುವ ಮಾತೇ ಅದು. ಮೆಣಸಿನ ವ್ಯಾಪಾರಿ ಎರಡು ಸಲ ಮೂಸಿ, ಗ್ಲಾಸು ಕೆಳಗಿಟ್ಟು, ಮತ್ತೆ ಎತ್ತಿಕೊಂಡು ತಲೆಯಾಡಿಸಿದರು. “ಮೆಣಸಲ್ಲ ಮಾರಾಯ್ರೆ ಇದು. ಲವಂಗ ಅದೆ, ದಾಲ್ಚಿನ್ನಿ ಎಲೆ ತಿಕ್ಕಿದಂಗೆ ಅದೆ. ಮೆಣಸು ಬೇಕಿದ್ರೆ ಬಾಯಿಗೆ ಹಾಕಿದ ಮೇಲೆ ಬರ್ತದೆ, ಮೂಗಿಗಂತೂ ಇಲ್ಲ.” ಮಾಸ್ತರರು ತುಂಬ ಹೊತ್ತು ಸುಮ್ಮನಿದ್ದು ‘ಜೋನಿ ಬೆಲ್ಲದ ಡಬ್ಬಿಯ ತಳ’ ಎಂದರು. ಬೋಟಿನವನು ಹಿಡಿದದ್ದು ಇನ್ನೊಂದನ್ನು. “ಹೊಸ ಬೋಟಿಗೆ ಹಲಗೆ ಕೊಯ್ಯುವಾಗ ಬರ್ತದಲ್ಲ ಮಾಸ್ತರೇ, ಆ ಹಸಿ ಮರದ್ದು.”

ಅವರಲ್ಲಿ ಒಬ್ಬರೂ ವಿಸ್ಕಿಯ ಬಗ್ಗೆ ಓದಿದವರಲ್ಲ. ಆದರೂ ಮೂವರು ಹೇಳಿದ್ದೂ ಸರಿ. ರೈ ಕಾಳಿನ ತವುಡಿನಲ್ಲಿ ಫೆರುಲಿಕ್ ಆಮ್ಲ ಧಾರಾಳವಾಗಿರುತ್ತದೆ. ಹುದುಗುವಾಗ ಯೀಸ್ಟು, ಭಟ್ಟಿಯಲ್ಲಿ ಕಾವು ಸೇರಿ ಅದರಿಂದ 4-ವಿನೈಲ್ ಗ್ವಾಯಕಾಲ್ ಎಂಬ ವಸ್ತು ಹುಟ್ಟುತ್ತದೆ. ಅದರ ವಾಸನೆ ಲವಂಗದ್ದು. ಪೀಪಾಯಿಯ ಓಕ್ ಮರ ಯೂಜಿನಾಲನ್ನು ಬಿಟ್ಟುಕೊಡುತ್ತದೆ. ಲವಂಗದ ಎಣ್ಣೆಯ ಮುಖ್ಯ ಅಂಶವೇ ಯೂಜಿನಾಲ್. ಕಾಳುಮೆಣಸಿನ ಕತೆ ಬೇರೆ. ಅದರ ಖಾರ ಪೈಪರೀನ್‌ನಿಂದ ಬರುವುದು, ಖಾರಕ್ಕೆ ವಾಸನೆಯಿಲ್ಲ. ಮೆಣಸಿನ ಪರಿಮಳಕ್ಕೆ ಕಾರಣವಾದ ರೊಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯದ ವೈನ್ ಸಂಶೋಧಕರು ಗುರುತಿಸಿದ್ದು 2008ರಲ್ಲಿ, ಶಿರಾಜ್ ದ್ರಾಕ್ಷಿಯ ವೈನಿನಲ್ಲಿ ಮೆಣಸಿನ ವಾಸನೆ ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತಾ ಹೋಗಿ. ದಿನವೂ ಮೆಣಸಿನ ಚೀಲ ಬಿಚ್ಚುವವರ ಮೂಗಿಗೆ ಈ ವ್ಯತ್ಯಾಸ ಮೊದಲ ಉಸಿರಿಗೇ ಸಿಕ್ಕಿತು.

ಬಾಯಿಗೆ ಹಾಕಿದಾಗ ಮೊದಲು ಸಿಹಿ, ನಾಲಗೆಯ ನಡುವೆ ಹುರಿದ ಹಿಟ್ಟಿನ ರುಚಿ, ಅದರ ಬೆನ್ನಿಗೆ ನಾಲಗೆಯ ಎರಡೂ ಬದಿಗೆ ಸಣ್ಣಗೆ ಚುರುಗುಟ್ಟುವ ಖಾರ. ನುಂಗಿದ ಮೇಲೆ ಪುದೀನದಂಥ ತಂಪು. ಕೊನೆಯಲ್ಲಿ ಮಾತ್ರ ಮರದ ಒಗರು ಸ್ವಲ್ಪ ಹೆಚ್ಚಾಯಿತು ಎಂದು ನನಗನ್ನಿಸಿತು. ವ್ಯಾಪಾರಿಗೆ ಆ ಒಗರೇ ಇಷ್ಟವಾಯಿತು. ಅಡಿಕೆ ಅಗಿಯುವ ಬಾಯಿ ಅವರದು. ನಾಲ್ಕೈದು ಹನಿ ನೀರು ಸೇರಿಸಿದೊಡನೆ ವಾಸನೆ ಅರಳಿತು. ಇದು ಬರೀ ಕಲ್ಪನೆಯಲ್ಲ. ನೀರು ಸೇರಿ ಮದ್ಯಾಂಶ ಇಳಿದಾಗ ಗ್ವಾಯಕಾಲ್‌ನಂಥ ಅಣುಗಳು ದ್ರವದ ಒಳಗಿರದೆ ಮೇಲ್ಮೈಗೆ ಬಂದು ನಿಲ್ಲುತ್ತವೆ ಎಂದು ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಮೇಲ್ಮೈಯಲ್ಲಿರುವುದೇ ಮೂಗಿಗೆ ಬರುವುದು.

ಆ ಸಂಜೆ ಯಾರೂ ಎರಡನೇ ಗ್ಲಾಸು ಕೇಳಲಿಲ್ಲ. ಇದ್ದ 30 ಮಿಲಿಲೀಟರಿನ ಬಗ್ಗೆಯೇ ಮಾತು ಮುಗಿದಿರಲಿಲ್ಲ.

ಕಳೆಯಾಗಿ ಬಂದು ಬೆಳೆಯಾದ ಧಾನ್ಯ

ರೈ ನಮ್ಮ ಕಡೆ ಬೆಳೆಯುವುದಿಲ್ಲ. ಅದು ಜರ್ಮನಿ, ಪೋಲೆಂಡ್, ರಷ್ಯಾಗಳ ಚಳಿಯ ಧಾನ್ಯ. ಮರಳು ಮಣ್ಣು, ಹುಳಿ ಮಣ್ಣು, ಗೋಧಿ ಸೋಲುವ ಮಣ್ಣಿನಲ್ಲೂ ಏಳುತ್ತದೆ. ಹುಟ್ಟಿನಿಂದ ಅದು ಬೆಳೆಯೇ ಅಲ್ಲ, ಗೋಧಿ ಹೊಲದ ಕಳೆ. ಗೋಧಿಯ ಜೊತೆ ಕೊಯ್ಲಾಗಿ, ಗೋಧಿಯ ಬೀಜದೊಂದಿಗೆ ಬಿತ್ತನೆಯಾಗಿ, ಉತ್ತರದ ಚಳಿಗೆ ಹೋದಂತೆ ಗೋಧಿ ಸೊರಗಿ ಕಳೆಯೇ ಉಳಿದುಕೊಂಡಿತು ಎಂಬುದನ್ನು ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ 1917ರಲ್ಲಿ ವಿವರಿಸಿದರು. ಅಘನಾಶಿನಿಯ ಅಳಿವೆಯಲ್ಲಿ, ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರು ಸಹಿಸಿ ನಿಲ್ಲುವ ಕಗ್ಗ ಭತ್ತ ಕಂಡವರಿಗೆ ಇಂಥ ಧಾನ್ಯದ ಛಲ ಏನೆಂದು ಬೇರೆ ಹೇಳಬೇಕಿಲ್ಲ. ಬೇರೆ ತಳಿ ಕೊಳೆಯುವಲ್ಲಿ ಕಗ್ಗ ನಿಲ್ಲುತ್ತದೆ.

ಯುರೋಪಿನ ವಲಸಿಗರು ರೈಯನ್ನು ಅಮೆರಿಕಕ್ಕೆ ಒಯ್ದರು. ಪೆನ್ಸಿಲ್ವೇನಿಯ, ಮೇರಿಲ್ಯಾಂಡ್‌ಗಳಲ್ಲಿ ಅದೇ ವಿಸ್ಕಿಯ ಧಾನ್ಯವಾಯಿತು. ಜಾರ್ಜ್ ವಾಷಿಂಗ್ಟನ್ 1797ರಲ್ಲಿ ಮೌಂಟ್ ವರ್ನನ್‌ನಲ್ಲಿ ಭಟ್ಟಿ ಹಾಕಿಸಿದ್ದು ಇಂಥ ವಿಸ್ಕಿಗೇ. ಅಲ್ಲಿ ಬಳಸಿದ್ದು ಶೇ 60 ರೈ, ಶೇ 35 ಮೆಕ್ಕೆಜೋಳ, ಶೇ 5 ಮೊಳಕೆ ಬಾರ್ಲಿ. 1799ರಲ್ಲಿ ಅಲ್ಲಿಂದ ಹೊರಬಂದದ್ದು ಸುಮಾರು 11,000 ಗ್ಯಾಲನ್. ಮುಂದೆ 1920ರಿಂದ 1933ರವರೆಗಿನ ಪಾನನಿಷೇಧ ರೈ ವಿಸ್ಕಿಯ ಬೆನ್ನು ಮುರಿಯಿತು. ನಿಷೇಧ ತೆರವಾದ ಮೇಲೆ ಮೆಕ್ಕೆಜೋಳದ ಬೂರ್ಬನ್ ಎದ್ದುನಿಂತಿತು, ರೈ ಮೂಲೆಗೆ ಸರಿಯಿತು. ಅದಕ್ಕೆ ಮತ್ತೆ ಬೇಡಿಕೆ ಬಂದದ್ದು ಈ ಶತಮಾನದಲ್ಲಿ. ಇವತ್ತು ಅಮೆರಿಕದಲ್ಲಿ ರೈ ವಿಸ್ಕಿ ಎನಿಸಿಕೊಳ್ಳಲು ಕನಿಷ್ಠ ಶೇ 51 ರೈ ಇರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಕೂರಬೇಕು.

ಪೂರ್ತಿ ರೈಯಿಂದ ವಿಸ್ಕಿ ಮಾಡುವುದು ಸುಲಭದ ಕೆಲಸವಲ್ಲ. ಬಾರ್ಲಿಗೆ ಹೊಟ್ಟಿದೆ; ನೆನೆಸಿ ಬೇಯಿಸಿದ ಹಿಟ್ಟಿನಿಂದ ಸಿಹಿನೀರು ಸೋಸುವಾಗ ಆ ಹೊಟ್ಟೇ ಜರಡಿಯಾಗಿ ನಿಲ್ಲುತ್ತದೆ. ರೈ ಬೆತ್ತಲೆ ಕಾಳು. ಅದರಲ್ಲಿರುವ ಅರಾಬಿನೋಜೈಲಾನ್ ಎಂಬ ನಾರು ನೀರು ಹೀರಿ ಅಂಟಿನಂತೆ ಗಟ್ಟಿಯಾಗುತ್ತದೆ, ಸೋಸುವ ತಟ್ಟೆ ಕಟ್ಟಿಕೊಳ್ಳುತ್ತದೆ, ಹುದುಗುವಾಗ ನೊರೆ ಉಕ್ಕುತ್ತದೆ. ಅದಕ್ಕೇ ಅನೇಕರು ರೈ ಜೊತೆ ಬೇರೆ ಧಾನ್ಯ ಸೇರಿಸಿಕೊಳ್ಳುತ್ತಾರೆ. ಬಾರ್ಲಿಯಲ್ಲಿ ಹೆಸರು ಗಳಿಸಿದ ಬೆಂಗಳೂರಿನ ಕಾರ್ಖಾನೆ ಈ ತೊಂದರೆಯನ್ನು ತಾನಾಗಿ ಹೊತ್ತುಕೊಂಡಿತು ಎಂಬುದು ನನಗೆ ಮೆಚ್ಚುಗೆಯ ವಿಷಯ.

ಕಂಬೀಪುರದಿಂದ ಗ್ಲಾಸ್ಗೊಗೆ

ಅಮೃತ್ ಡಿಸ್ಟಿಲರೀಸನ್ನು ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದರು. ಮೈಸೂರು ರಸ್ತೆಯ ಕೆಂಗೇರಿ ಆಚೆ ಕಂಬೀಪುರದಲ್ಲಿ ಅದರ ಕಾರ್ಖಾನೆ. ದಶಕಗಳ ಕಾಲ ಅದು ರಮ್, ಬ್ರಾಂಡಿ, ಮಿಶ್ರ ವಿಸ್ಕಿಗಳ ಕಂಪನಿಯೇ. 1980ರ ದಶಕದಲ್ಲಿ ಬಾರ್ಲಿಯಿಂದ ಮಾಲ್ಟ್ ಇಳಿಸತೊಡಗಿದರೂ ಅದು ಹೋಗುತ್ತಿದ್ದದ್ದು ಮಿಶ್ರಣಕ್ಕೆ. ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ ಅದನ್ನು ಸಿಂಗಲ್ ಮಾಲ್ಟ್ ಆಗಿಯೇ ಮಾರುವ ಯೋಚನೆ ಬಂತು. ಇಂಗ್ಲೆಂಡಿನಲ್ಲಿ ಓದುತ್ತಿದ್ದ ಮೊಮ್ಮಗ ರಕ್ಷಿತ್ ಅದಕ್ಕೊಂದು ಅಧ್ಯಯನ ಮಾಡಿದರು. 2004ರ ಆಗಸ್ಟ್ 24ರಂದು ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ. ಮೊದಲ ವರ್ಷಗಳು ಕಷ್ಟದವು. ಬಳಿಕ ಭಾರತದ ಬಾರ್ಲಿಯೊಂದಿಗೆ ಸ್ಕಾಟ್ಲೆಂಡಿನ ಹೊಗೆ ಕಟ್ಟಿಸಿದ ಬಾರ್ಲಿಯ ವಿಸ್ಕಿ ಸೇರಿಸಿದ ‘ಫ್ಯೂಷನ್’ ಬಂತು. ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಅದಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಅತ್ಯುತ್ತಮ ವಿಸ್ಕಿ ಎಂದರು. ಆಮೇಲೆ ಹಿಂತಿರುಗಿ ನೋಡಬೇಕಾಗಲಿಲ್ಲ. ರೈ ಮಾಲ್ಟ್ ಬಂದದ್ದು ಈ ಆತ್ಮವಿಶ್ವಾಸದ ಹಿನ್ನೆಲೆಯಲ್ಲಿ.

ಬೆಂಗಳೂರಿನ ಹವೆ ಇಲ್ಲಿ ದೊಡ್ಡ ಪಾತ್ರಧಾರಿ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯೊಳಗಿನ ವಿಸ್ಕಿ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ ಬೆಂಗಳೂರಿನಲ್ಲಿ ಅದು ಶೇ 10 ಮೀರುತ್ತದೆ. ಕಾವಿಗೆ ಮದ್ಯ ಮರದೊಳಕ್ಕೆ ಬೇಗ ನುಗ್ಗಿ, ಬೇಗ ಹೊರಬಂದು, ಮರದ ಗುಣವನ್ನೆಲ್ಲ ನಾಲ್ಕೈದು ವರ್ಷದಲ್ಲೇ ಎಳೆದುಕೊಳ್ಳುತ್ತದೆ. ಜಗಲಿಯ ಮೇಲೆ ನನಗೆ ಹೆಚ್ಚೆನಿಸಿದ ಒಗರಿನ ಮೂಲವೂ ಇದೇ ಇರಬೇಕು.

ಇದೇ ಪೀಪಾಯಿಯನ್ನು ಕರಾವಳಿಗೆ ತಂದಿಟ್ಟರೆ ಏನಾಗುತ್ತದೆ? ಊಹೆ ಬೇಕಿಲ್ಲ, ಉತ್ತರ ನಮ್ಮ ರಸ್ತೆಯ ಮೇಲೆಯೇ ಇದೆ. ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲೇ ಕಾರವಾರ, ಕಾಣಕೋಣ ದಾಟಿ ಮುಂದೆ ಹೋದರೆ ದಕ್ಷಿಣ ಗೋವಾದ ಕುಂಕಳ್ಳಿ ಸಿಗುತ್ತದೆ. ಬೆಂಗಳೂರು ಮೂಲದ ಜಾನ್ ಡಿಸ್ಟಿಲರೀಸ್ ತನ್ನ ಪಾಲ್ ಜಾನ್ ಸಿಂಗಲ್ ಮಾಲ್ಟ್ ಮಾಡುವುದು ಅಲ್ಲಿ. ಗಾಳಿಯಲ್ಲಿ ತೇವ ತುಂಬಿರುವ ಕಡೆ ಪೀಪಾಯಿಯ ನೀರು ಸುಲಭಕ್ಕೆ ಆವಿಯಾಗದು, ಮದ್ಯ ಆವಿಯಾಗುತ್ತದೆ. ಹಾಗಾಗಿ ವರ್ಷ ಕಳೆದಂತೆ ಮದ್ಯಾಂಶ ತಗ್ಗುತ್ತದೆ. ಒಣ ಹವೆಯಲ್ಲಿ ನೀರೂ ಜೊತೆಗೆ ಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಉಪ್ಪು ನೀರೊಡೆಯುತ್ತದಲ್ಲ, ಅದೇ ತೇವ ಕುಂಕಳ್ಳಿಯ ದಾಸ್ತಾನಿನಲ್ಲಿ ವಿಸ್ಕಿಯ ರುಚಿ ತೀರ್ಮಾನಿಸುತ್ತಿದೆ. ಕಾವು, ಗಾಳಿ, ಮಳೆ ಇವೆಲ್ಲ ಮದ್ಯದಲ್ಲೂ ಉಳಿಯುತ್ತವೆ ಎಂದು ಒಪ್ಪಿಕೊಂಡರೆ ಮದ್ಯವೂ ಒಂದು ಊರಿನ ಉತ್ಪನ್ನವಾಗುತ್ತದೆ.

ನಿಷೇಧ, ಪ್ಯಾಕೆಟ್, ತೆರಿಗೆ

ನಮ್ಮಲ್ಲಿ ಮದ್ಯ ಹಾಗೆ ಊರಿನ ಉತ್ಪನ್ನವಾಗಲಿಲ್ಲ. ಕಾರಣ ಹುಡುಕಿದರೆ ಇತಿಹಾಸಕ್ಕೆ ಹೋಗಬೇಕು. ಉತ್ತರ ಕನ್ನಡ 1862ರಿಂದ ಮುಂಬಯಿ ಆಡಳಿತದಲ್ಲಿತ್ತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಬಂದಾಗ ಭಟ್ಕಳದಿಂದ ಕಾರವಾರದವರೆಗೆ ಹನಿ ಮದ್ಯವೂ ಅಪರಾಧವಾಯಿತು. ಶತಮಾನಗಳಿಂದ ತೆಂಗು, ಬೈನೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದ ಕುಟುಂಬಗಳ ಕಸುಬು ಒಂದೇ ಏಟಿಗೆ ಕಳ್ಳತನದ ಸಾಲಿಗೆ ಸೇರಿತು. ಪಕ್ಕದಲ್ಲೇ ಇದ್ದ ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು, ಅಲ್ಲಿ ಯಾವ ನಿಷೇಧವೂ ಇರಲಿಲ್ಲ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಪಾನನಿಷೇಧ ಮುಂದುವರಿದು, ತೆರವಾದದ್ದು 1967ರಲ್ಲಿ. ಒಂದು ತಲೆಮಾರು ಮದ್ಯವನ್ನು ಕಂಡದ್ದು ಕತ್ತಲಲ್ಲಿ ಮಾತ್ರ. ಕತ್ತಲಲ್ಲಿ, ಪೊಲೀಸರ ಭಯದಲ್ಲಿ ಕುಡಿಯುವವನು ಮೂಸಿ ನೋಡುವುದಿಲ್ಲ. ಬೇಗ ಮುಗಿಸುತ್ತಾನೆ.

ಆಮೇಲೆ ಬಂದದ್ದು ಸಾರಾಯಿ ಗುತ್ತಿಗೆಯ ಕಾಲ. ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ಟಿಗೆ ನೀರು ಬೆರೆಸಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ತುಂಬಿದ ಸಾರಾಯಿಗೆ ರುಚಿ ಎಂಬುದೇ ಇರಲಿಲ್ಲ. ಇರಬೇಕೆಂದು ಯಾರೂ ಬಯಸಲೂ ಇಲ್ಲ. ಹಲ್ಲಿನಿಂದ ಮೂಲೆ ಹರಿದು ಬಾಯಿಗೆ ಸುರಿದುಕೊಳ್ಳುವುದಷ್ಟೇ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಬಂದದ್ದು 90 ಮಿಲಿಲೀಟರಿನ ಪೊಟ್ಟಣದ ಅಗ್ಗದ ವಿಸ್ಕಿ. ಇದರಲ್ಲಿ ಹೆಚ್ಚಿನದು ಧಾನ್ಯ ಕಂಡದ್ದಲ್ಲ, ಕಾಕಂಬಿಯ ಸ್ಪಿರಿಟ್ಟಿಗೆ ಬಣ್ಣ, ಪರಿಮಳ ಸೇರಿಸಿದ್ದು. ಧಾನ್ಯದಿಂದಲ್ಲದ ಮದ್ಯವನ್ನು ಯುರೋಪಿನ ಕಾನೂನು ವಿಸ್ಕಿ ಎಂದು ಮಾರಲು ಬಿಡುವುದಿಲ್ಲ. ಸರಕಾರದ ಲೆಕ್ಕ ಇನ್ನೊಂದು ದಿಕ್ಕಿನದು. 2003ರಲ್ಲಿ ಶುರುವಾದ ಪಾನೀಯ ನಿಗಮದ ಗೋದಾಮುಗಳ ಮೂಲಕವೇ ರಾಜ್ಯದ ಮದ್ಯ ಸಾಗಬೇಕು. 2024–25ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 38,525 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತ ಪ್ರಮಾಣದಿಂದ ಬರುತ್ತದೆ, ಗುಣದಿಂದಲ್ಲ.

ಈ ಪ್ರಮಾಣದ ಬೆಲೆ ತೆತ್ತವರು ಯಾರು ಎಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಅಂಕೋಲಾದ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಬರೀ ಹಾಡು ಉಳಿಸಿದವರಲ್ಲ, ಊರಿಗೆ ನುಗ್ಗಿದ ಮದ್ಯದ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರು. 2017ರಲ್ಲಿ ಪದ್ಮಶ್ರೀ ಬಂದಾಗಲೂ ಆ ಸಿಟ್ಟು ಬಿಟ್ಟುಕೊಡಲಿಲ್ಲ. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಮದ್ಯದ ಬಗ್ಗೆ ಈ ಜಿಲ್ಲೆಯಲ್ಲಿ ಬರೆಯುವ ಯಾರೂ ಸುಕ್ರಜ್ಜಿಯನ್ನು ದಾಟಿ ಮುಂದೆ ಹೋಗುವಂತಿಲ್ಲ. ಮದ್ಯದಲ್ಲಿ ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾನು ಅದನ್ನು ಒಪ್ಪುತ್ತೇನೆ. ಕುಡಿಯದವರು ಏನನ್ನೋ ಕಳೆದುಕೊಂಡಿದ್ದಾರೆ ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಭಟ್ಕಳದ ಅತ್ತರಿನ ಹಿರಿಯರ ಮೂಗು ಒಂದು ಹನಿ ಮದ್ಯವಿಲ್ಲದೆಯೇ ನಮ್ಮೆಲ್ಲರಿಗಿಂತ ಪಳಗಿದ್ದು. ನನ್ನ ಮಾತು ಕುಡಿಯಲು ತೀರ್ಮಾನಿಸಿದವರ ಬಗ್ಗೆ. ಅವರಿಗೆ ನಾವು ರುಚಿ ಇಲ್ಲದ್ದನ್ನೇ ಕೊಟ್ಟು, ಅವಸರವನ್ನೇ ಕಲಿಸಿ, ಕೊನೆಗೆ ಅಮಲೊಂದನ್ನೇ ಉಳಿಸಿದೆವು. ಏನು ಕುಡಿಯುತ್ತಿದ್ದೇನೆ ಎಂದು ಕೇಳಿಕೊಳ್ಳುವವನು ಎಷ್ಟು ಕುಡಿದೆ ಎಂಬುದನ್ನೂ ಕೇಳಿಕೊಳ್ಳುತ್ತಾನೆ. ಎಲ್ಲರ ವಿಷಯದಲ್ಲೂ ಇದು ನಿಜವಾಗಲಾರದು, ಚಟಕ್ಕೆ ಬಿದ್ದವರಿಗೆ ಬೇಕಾದದ್ದು ಚಿಕಿತ್ಸೆ. ಆದರೆ ಜಗಲಿಯ ಮೇಲೆ ನಾನು ಕಂಡದ್ದು ಅದನ್ನೇ.

ಮೆಣಸಿಗೆ ಸಿಕ್ಕ ಮರ್ಯಾದೆ

ವಾಸನೆಗೆ ಬೆಲೆ ಕಟ್ಟುವುದು ಈ ಸೀಮೆಗೆ ಹೊಸದಲ್ಲ. ಗೇರುಸೊಪ್ಪೆಯಿಂದ 1552ರಿಂದ 1606ರವರೆಗೆ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕುಮಟಾ ಬಳಿಯ ಮಿರ್ಜಾನ ಕೋಟೆ ಆ ವ್ಯಾಪಾರದ ಕಾವಲು. ಮಲ್ಲಿಗೆಸರ, ಕರಿಮಲ್ಲಿಗೆಸರ, ಉದ್ದಗರೆ ಎಂದು ಇಲ್ಲಿನ ತೋಟಗಳ ಮೆಣಸಿಗೆ ಇಂದಿಗೂ ಬೇರೆ ಬೇರೆ ಹೆಸರುಗಳಿವೆ. ಬಳ್ಳಿ ಯಾವುದು, ತೋಟ ಎಲ್ಲಿಯದು, ಕಾಳು ಬಲಿತು ಕೊಯ್ದದ್ದೋ ಅವಸರಕ್ಕೆ ಕೊಯ್ದದ್ದೋ ಎಂಬುದನ್ನು ಖರೀದಿದಾರ ಕೇಳಿಯೇ ಕೇಳುತ್ತಾನೆ.

ಗೇರುಹಣ್ಣಿಗೆ ಮಾತ್ರ ಈ ಭಾಗ್ಯ ಬರಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೊನ್ನಾವರ, ಭಟ್ಕಳದ ಗುಡ್ಡಗಳಲ್ಲಿ ಓಡಾಡಿದರೆ ಬೀಜ ತಿರುಚಿಕೊಂಡು ಎಸೆದ ಹಣ್ಣಿನ ರಾಶಿ ಮರದಡಿ ಹುಳಿತು ಬಿದ್ದಿರುತ್ತದೆ. ಅದರ ಕಂಪು ಬಿಸಿಲಿಗೆ ದಾರಿಯುದ್ದಕ್ಕೂ ಹರಡುತ್ತದೆ. ಗೋವಾ ಗಡಿಯ ಮಾಜಾಳಿ ತನಿಖಾ ಠಾಣೆಯ ಆಚೆಗೆ ಅದೇ ಹಣ್ಣು ಉರಾಕ್ ಆಗುತ್ತದೆ, ಎರಡನೇ ಸಲ ಭಟ್ಟಿ ಇಳಿದು ಫೆನಿ ಆಗುತ್ತದೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2016ರಲ್ಲಿ ಅಲ್ಲಿನ ಸರಕಾರ ಅದನ್ನು ರಾಜ್ಯದ ಪಾರಂಪರಿಕ ಪಾನೀಯ ಎಂದಿತು. ಗಡಿಯ ಈಚೆಗೆ, ಅದೇ ಮಣ್ಣು, ಅದೇ ಮಳೆ, ಅದೇ ಮರವಿದ್ದೂ, ಹಣ್ಣಿನಿಂದ ಇಳಿಸಿದ್ದೆಲ್ಲ ಕಳ್ಳಭಟ್ಟಿ. ಕರ್ನಾಟಕದಲ್ಲಿ ಹೊಸ ಪ್ರಯತ್ನಗಳು ಇಲ್ಲದಿಲ್ಲ. ನಂಜನಗೂಡಿನ ಕಡೆ ಕಾಕಂಬಿ ಬಿಟ್ಟು ಬೆಲ್ಲದಿಂದಲೇ ‘ಹುಲಿ’ ಎಂಬ ರಮ್ ತಯಾರಾಗುತ್ತಿದೆ. ನಮ್ಮ ಮಾಸ್ತರರು ರೈಯಲ್ಲಿ ಹಿಡಿದ ಆ ಜೋನಿ ಬೆಲ್ಲದ ವಾಸನೆಗೆ ಅಲ್ಲಿ ನೇರ ದಾರಿಯಿದೆ.

ಮಳೆ ನಿಂತು ಎಲ್ಲರೂ ಎದ್ದಾಗ ಜಗಲಿಯಲ್ಲಿ ನಡೆಯುತ್ತಿದ್ದ ಚರ್ಚೆ ಇದೇ. ಎಲ್ಲಿಂದಲೋ ತಂದ ರೈಯಿಂದ ಇಷ್ಟು ಮಾಡುವವರಿದ್ದಾರೆ, ಕಾಲಡಿ ಕೊಳೆಯುವ ಗೇರುಹಣ್ಣಿಗೆ ಸರಕಾರ ಸಣ್ಣ ಪರವಾನಗಿ ಕೊಡಲಿ, ಬಾಟಲಿ ಮೇಲೆ ಊರಿನ ಹೆಸರು, ವರ್ಷ ಹಾಕಿ ಮಾರಲಿ ಎಂಬುದು ವ್ಯಾಪಾರಿಯ ವಾದ. ಮಾಸ್ತರರು ಒಪ್ಪಲಿಲ್ಲ. ಪರವಾನಗಿ ಇವತ್ತು ಒಬ್ಬ ಒಳ್ಳೆಯವನಿಗೆ ಸಿಗುತ್ತದೆ, ನಾಳೆ ಅದೇ ನೆಪದಲ್ಲಿ ಪ್ರತಿ ಕೇರಿಗೂ ಭಟ್ಟಿ ಬರುತ್ತದೆ, ಕೊನೆಗೆ ಅನುಭವಿಸುವವರು ಮನೆಯ ಹೆಂಗಸರು ಎಂದರು. ಇಬ್ಬರ ಮಾತಿನಲ್ಲೂ ತೂಕವಿದೆ. ನನಗೆ ಸರಿ ಕಾಣುವುದು ಇಷ್ಟು. ತೋಟದಲ್ಲೇ, ಹಣ್ಣಿನ ಹಂಗಾಮಿನಲ್ಲಿ ಮಾತ್ರ, ಮಿತ ಪ್ರಮಾಣದಲ್ಲಿ ಇಳಿಸಲು ಅನುಮತಿ ಇರಲಿ. ಅದು ಊರೊಳಗೆ ಪೊಟ್ಟಣದಲ್ಲಿ ಮಾರಾಟವಾಗದಿರಲಿ. ಅನುಮತಿಗೆ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು, ಆ ಸಭೆಯಲ್ಲಿ ಹೆಂಗಸರ ಮತ ಪ್ರತ್ಯೇಕವಾಗಿ ಎಣಿಕೆಯಾಗಬೇಕು. ಹೆಂಗಸರು ಬೇಡ ಎಂದ ಊರಿನಲ್ಲಿ ಗೇರುಹಣ್ಣು ಶರಬತ್ತಾಗಲಿ.